ಮುಷ್ಟಿಗೆ ನುಡಿಯುವ ಹಲಗೆ

ಸ್ಪೀಡ್ ಬ್ಯಾಗ್ ಎಂಬುದು ಬಾಕ್ಸಿಂಗ್ ಕಲಿಯುವವರು ಕೈಯ ವೇಗಕ್ಕಾಗಿ ಗುದ್ದುವ ಸಣ್ಣ ಗಾಳಿಚೆಂಡು. ತಲೆಗಿಂತ ತುಸು ಎತ್ತರದಲ್ಲಿ ಅಡ್ಡಲಾಗಿ ಕೂರಿಸಿದ ದುಂಡು ಹಲಗೆಯ ಕೆಳಗೆ ಅದು ತೂಗುತ್ತದೆ. ಗುದ್ದು ಬಿದ್ದಾಗ ಚೆಂಡು ಆಚೆಗೆ ಹಾರಿ ಹಲಗೆಗೆ ಬಡಿಯುತ್ತದೆ, ಪುಟಿದು ಈಚೆಗೆ ಬಂದು ಮತ್ತೆ ಬಡಿಯುತ್ತದೆ. ಹೀಗೆ ಒಂದು ಗುದ್ದಿಗೆ ಹಲವು ಸದ್ದು ಹುಟ್ಟುತ್ತವೆ. ಗುದ್ದುಗಳ ನಡುವಿನ ಅಂತರ ಒಂದೇ ಸಮನಾಗಿದ್ದರೆ ಆ ಸದ್ದುಗಳು ಒಂದು ನಡೆಗೆ ಬಂದು ನಿಲ್ಲುತ್ತವೆ. ಈ ನಡೆಯನ್ನು ಹಾಡಿನ ತಾಳಕ್ಕೆ ಹೊಂದಿಸಿ ಗುದ್ದುವುದನ್ನೇ ಒಂದು ಕಸರತ್ತಾಗಿ, ಒಂದು ಕಲೆಯಾಗಿ ಬೆಳೆಸಿಕೊಂಡವರು ಜಗತ್ತಿನ ಹಲವೆಡೆ ಇದ್ದಾರೆ.

ಕನ್ನಡದಲ್ಲಿ ಹಲಗೆ ಎಂದರೆ ಮರದ ಪಟ್ಟಿ; ಹಲಗೆ ಎಂದರೆ ಚರ್ಮ ಬಿಗಿದ ವಾದ್ಯವೂ ಹೌದು. ಕಲಬುರಗಿ ಸೀಮೆಯಲ್ಲಿ ಆ ವಾದ್ಯಕ್ಕೆ ‘ಹಲಗಿ’ ಎನ್ನುತ್ತಾರೆ. ಸ್ಪೀಡ್ ಬ್ಯಾಗಿನಲ್ಲಿ ಈ ಎರಡೂ ಅರ್ಥಗಳು ಒಂದಾಗುತ್ತವೆ: ಮೇಲಿರುವುದು ಮರದ ಹಲಗೆ, ಅದು ಮಾಡುವ ಕೆಲಸ ವಾದ್ಯದ ಹಲಗೆಯದು. ಇಂಗ್ಲಿಷಿನವರೂ ಆ ಮರದ ತಟ್ಟೆಯನ್ನು ‘ಡ್ರಮ್’ ಎಂದೇ ಕರೆಯುವುದುಂಟು. ಗುದ್ದುವ ಕೈಗೆ ದಾರಿ ತೋರುವುದು ಈ ಸದ್ದು. ಅದನ್ನು ಕೇಳಲು ಕಲಿತವರಿಗೆ ಚೆಂಡು ಸಿಗುತ್ತದೆ. ನೋಡಿ ಹಿಡಿಯಲು ಹೊರಟವರ ಕೈ ತಪ್ಪುತ್ತಲೇ ಇರುತ್ತದೆ.

ಚೆಂಡು, ತಿರುಗಣಿ, ಹಲಗೆ

ಈ ಸಾಧನಕ್ಕೆ ಮೂರು ಅಂಗಗಳು. ಮೊದಲನೆಯದು ಚೆಂಡು. ಹೊರಗೆ ಹೊಲಿದ ಚರ್ಮ ಅಥವಾ ಚರ್ಮದಂಥ ಬಟ್ಟೆ, ಒಳಗೆ ಗಾಳಿ ತುಂಬಿದ ರಬ್ಬರಿನ ಚೀಲ. ಮೇಲೆ ಸಣ್ಣಗಾಗಿ ಕೆಳಗೆ ಉಬ್ಬಿರುವ ಅದರ ಆಕಾರ ತೊಟ್ಟಿನಲ್ಲಿ ತೂಗುವ ಬದನೆಕಾಯಿಯನ್ನು ಹೋಲುತ್ತದೆ. ದೊಡ್ಡ ಚೆಂಡುಗಳ ಅಗಲ ಸುಮಾರು 10 ಅಂಗುಲ. ಚಿಕ್ಕವು ಅದರ ಅರ್ಧದಷ್ಟು. ದೊಡ್ಡದು ನಿಧಾನವಾಗಿ ಓಡಾಡುತ್ತದೆ, ಚಿಕ್ಕದು ಚುರುಕು. ಹೊಸಬರಿಗೆ ದೊಡ್ಡ ಚೆಂಡೇ ಸರಿ.

ಎರಡನೆಯದು ತಿರುಗಣಿ. ಚೆಂಡಿನ ತುದಿಯನ್ನು ಹಲಗೆಗೆ ಸೇರಿಸುವ ಈ ಲೋಹದ ಕೊಂಡಿ ಎಲ್ಲ ದಿಕ್ಕಿಗೂ ಸರಾಗವಾಗಿ ಹೊರಳಬೇಕು. ತಿರುಗಣಿ ಬಿಗಿಯಾದರೆ ಚೆಂಡು ಓರೆಯಾಗಿ ಓಡುತ್ತದೆ, ಸದ್ದು ಒಡೆಯುತ್ತದೆ.

ಮೂರನೆಯದು ಹಲಗೆ. ಸುಮಾರು 2 ಅಡಿ ಅಗಲದ, ದಪ್ಪನೆಯ ದುಂಡು ಮರದ ತುಂಡನ್ನು ಗೋಡೆಗೋ ಚಾವಣಿಗೋ ಅಲುಗದಂತೆ ಬಿಗಿದಿರುತ್ತಾರೆ. ಹಲಗೆ ಅಲುಗಿದರೆ ಚೆಂಡಿನ ಬಲವನ್ನು ಅದೇ ನುಂಗುತ್ತದೆ. ಒಂದು ಬಡಿತ ಜೋರಾಗಿ, ಇನ್ನೊಂದು ಮೆತ್ತಗೆ ಕೇಳಿ ಲಯ ಕೆಡುತ್ತದೆ. ಹಲಗೆಯ ಎತ್ತರವನ್ನು ಗುದ್ದುವವರ ಎತ್ತರಕ್ಕೆ ಹೊಂದಿಸಬೇಕು. ಚೆಂಡಿನ ಉಬ್ಬಿದ ಭಾಗ ಬಾಯಿ ಅಥವಾ ಗದ್ದದ ಮಟ್ಟಕ್ಕೆ ಬಂದರೆ ಅಳತೆ ಸರಿ ಎಂದು ಲೆಕ್ಕ.

ಗಾಳಿಯ ಪ್ರಮಾಣ ಮುಖ್ಯ. ಗಾಳಿ ಕಡಿಮೆಯಾದರೆ ಚೆಂಡು ಸೋಮಾರಿಯಾಗುತ್ತದೆ, ಹೆಚ್ಚಿದರೆ ಕೈಗೆ ಸಿಗದಷ್ಟು ಪುಟಿಯುತ್ತದೆ. ಹಲಗಿ ಬಾರಿಸುವವರು ಮೇಳಕ್ಕೆ ನಿಲ್ಲುವ ಮೊದಲು ಹುಲ್ಲೋ ಕಾಗದವೋ ಉರಿಸಿ ಚರ್ಮವನ್ನು ಕಾಯಿಸುವುದನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎಲ್ಲರೂ ಕಂಡಿರುತ್ತಾರೆ. ತೇವದಿಂದ ಸಡಿಲಗೊಂಡ ಚರ್ಮ ಬೆಂಕಿಯ ಕಾವಿಗೆ ಬಿಗಿಯಾಗಿ ದನಿ ಏರುತ್ತದೆ. ಸ್ಪೀಡ್ ಬ್ಯಾಗಿಗೆ ಪಂಪಿನಿಂದ ಗಾಳಿ ಹಾಕುವುದೂ ಅದೇ ಬಗೆಯ ಶ್ರುತಿ ಮಾಡುವ ಕೆಲಸ. ಅಲ್ಲಿ ಚರ್ಮದ ಬಿಗಿ ದನಿಯನ್ನು ಬದಲಿಸುತ್ತದೆ, ಇಲ್ಲಿ ಗಾಳಿಯ ಬಿಗಿ ವೇಗವನ್ನು ಬದಲಿಸುತ್ತದೆ.

ಮೂರರ ಲೆಕ್ಕ

ಸ್ಪೀಡ್ ಬ್ಯಾಗಿನ ಮೊದಲ ಪಾಠ ಮೂರರ ಎಣಿಕೆ. ಮುಷ್ಟಿ ತಾಗಿದ ಚೆಂಡು ಆಚೆ ಬದಿಯ ಹಲಗೆಗೆ ಬಡಿಯುತ್ತದೆ: ಒಂದು. ಪುಟಿದು ಈಚೆ ಬದಿಗೆ ಬಡಿಯುತ್ತದೆ: ಎರಡು. ಮತ್ತೆ ಆಚೆ ಬಡಿಯುತ್ತದೆ: ಮೂರು. ಮೂರನೆಯ ಸದ್ದಾದ ಮೇಲೆ ಚೆಂಡು ಗುದ್ದುವವರ ಕಡೆಗೆ ಬರುತ್ತಿರುತ್ತದೆ; ಆಗ ಮುಂದಿನ ಗುದ್ದು ಬೀಳಬೇಕು. ಮುಷ್ಟಿ ತಾಗುವ ಸದ್ದು ಮೆತ್ತಗಿನದು, ಹಲಗೆಯದು ಗಟ್ಟಿ. ಹಾಗಾಗಿ ಕಿವಿಗೆ ಬೀಳುವುದು ಮೂರು ಮೂರರ ಗುಂಪು. ಸಂಗೀತ ಬಲ್ಲವರು ಇದನ್ನು ತಿಶ್ರ ನಡೆ ಎಂದು ಕೂಡಲೇ ಗುರುತಿಸುತ್ತಾರೆ: ತಕಿಟ, ತಕಿಟ, ತಕಿಟ.

ಮೂರೇ ಏಕೆ ಎಂಬುದಕ್ಕೆ ಸರಳ ಗಣಿತವಿದೆ. ಬಡಿತಗಳ ಸಂಖ್ಯೆ ಬೆಸವಾಗಿದ್ದಾಗ, ಎಂದರೆ ಒಂದು, ಮೂರು ಅಥವಾ ಐದು ಆದಾಗ, ಚೆಂಡು ಗುದ್ದುವವರ ಕಡೆ ಬರುತ್ತಿರುತ್ತದೆ. ಅದೇ ಬದಿಯಿಂದ ಮತ್ತೆ ಗುದ್ದಬಹುದು. ಸಂಖ್ಯೆ ಸರಿಯಾಗಿದ್ದಾಗ, ಎಂದರೆ ಎರಡು ಅಥವಾ ನಾಲ್ಕು ಆದಾಗ, ಚೆಂಡು ದೂರ ಸರಿಯುತ್ತಿರುತ್ತದೆ. ಆಗ ಅದನ್ನು ಎದುರಿಸಲು ಆಚೆ ಬದಿಯಿಂದ ಕೈ ಬರಬೇಕು. ಒಂದು ಬಡಿತಕ್ಕೇ ಮತ್ತೆ ಗುದ್ದುವುದು ಹೊಸಬರಿಗೆ ತೀರ ವೇಗವಾಗುತ್ತದೆ. ಐದರವರೆಗೆ ಕಾದರೆ ಚೆಂಡಿನ ಕಸುವು ಇಳಿದಿರುತ್ತದೆ. ಕೈಗೆ ಹಿಂದಿರುಗಲು ಬಿಡುವು ಸಿಕ್ಕು, ಚೆಂಡಿನಲ್ಲಿ ಬಲವೂ ಉಳಿದಿರುವ ಜಾಗ ಮೂರು.

ನಿಲ್ಲುವ ಬಗೆ ಹೀಗೆ. ಎದೆ ಚೆಂಡಿಗೆ ನೇರವಾಗಿರಬೇಕು, ಮೊಣಕೈ ಹೆಗಲಿನ ಮಟ್ಟಕ್ಕೆ ಏರಿರಬೇಕು. ಎರಡೂ ಮುಷ್ಟಿಗಳು ಗದ್ದದ ಮುಂದೆ ಪುಟ್ಟ ಸುತ್ತು ಹಾಕುತ್ತಿರಬೇಕು, ಕೈಯಿಂದ ಸೈಕಲ್ಲಿನ ಪೆಡಲ್ ತಿರುಗಿಸಿದ ಹಾಗೆ. ಚೆಂಡಿಗೆ ತಾಗುವುದು ಕಿರುಬೆರಳ ಕಡೆಯ ಮುಷ್ಟಿಯ ಬದಿ. ಬಲಗೈ ಒಂದು ಗುದ್ದು, ಮೂರು ಸದ್ದು. ಎಡಗೈ ಒಂದು ಗುದ್ದು, ಮೂರು ಸದ್ದು. ಜೋರಾಗಿ ಗುದ್ದುವ ಅಗತ್ಯವಿಲ್ಲ. ಬಲ ಹೆಚ್ಚಾದಷ್ಟೂ ಚೆಂಡು ದಿಕ್ಕು ತಪ್ಪುತ್ತದೆ.

ಈ ಪಾಠ ಕೈಗೆ ಬಂದವರು ಮುಂದೆ ಅನೇಕ ಬಗೆಯ ಹೊಡೆತಗಳನ್ನು ಸೇರಿಸಿಕೊಳ್ಳುತ್ತಾರೆ. ನೇರ ಮುಷ್ಟಿಯಿಂದ ಗುದ್ದಿ ಅದೇ ಕೈಯ ಬದಿಯಿಂದ ಮರಳಿ ತಟ್ಟುವುದು, ಚೆಂಡನ್ನು ಅಡ್ಡಡ್ಡ ಓಡಿಸುವುದು, ಮೊಣಕೈಯಿಂದ ಹೊಡೆಯುವುದು, ದೇಹವನ್ನೇ ಸುತ್ತಿಸಿ ಹಿಂದಿನಿಂದ ಸೇರುವುದು. ಹೊಡೆತ ಯಾವುದಾದರೂ ಬೆಸ–ಸರಿ ಲೆಕ್ಕ ತಪ್ಪದು. ಚೆಂಡು ಎಷ್ಟು ಬಾರಿ ಬಡಿದಿದೆ ಎಂಬುದೇ ಅದು ಈಗ ಎತ್ತ ಹೋಗುತ್ತಿದೆ ಎಂದು ಹೇಳುತ್ತದೆ, ಮುಂದಿನ ಕೈ ಯಾವ ಕಡೆಯಿಂದ ಬರಬೇಕು ಎಂದೂ ಹೇಳುತ್ತದೆ.

ಹಾಡಿಗೆ ಹೊಂದಿಸುವುದು

ಹಾಡಿನ ಒಂದೊಂದು ತಟ್ಟಿಗೆ ಒಂದೊಂದು ಗುದ್ದು ಬೀಳುವಂತೆ ಮಾಡುವುದು ಸಂಗೀತದ ಜೊತೆಗಿನ ಮೊದಲ ಹೆಜ್ಜೆ. ನಿಮಿಷಕ್ಕೆ 100 ತಟ್ಟುಗಳಿರುವ ಹಾಡನ್ನು ತೆಗೆದುಕೊಂಡರೆ ನಿಮಿಷಕ್ಕೆ 100 ಗುದ್ದು, 300 ಬಡಿತ. ಎಂದರೆ ಸೆಕೆಂಡಿಗೆ 5 ಸದ್ದು. ಹಾಡು 120ಕ್ಕೆ ಏರಿದರೆ ಸದ್ದುಗಳು ಸೆಕೆಂಡಿಗೆ 6 ಆಗುತ್ತವೆ. ಚೆಂಡಿನ ಗಾತ್ರ ಮತ್ತು ಗಾಳಿ ಅದರ ಸಹಜ ವೇಗವನ್ನು ನಿರ್ಧರಿಸುವುದರಿಂದ, ಹಾಡಿಗೆ ತಕ್ಕ ಚೆಂಡನ್ನೋ ಚೆಂಡಿಗೆ ತಕ್ಕ ಹಾಡನ್ನೋ ಆರಿಸಿಕೊಳ್ಳಬೇಕಾಗುತ್ತದೆ. ಉಳಿದ ಸಣ್ಣ ವ್ಯತ್ಯಾಸವನ್ನು ಗುದ್ದಿನ ಬಲ ಸರಿದೂಗಿಸುತ್ತದೆ: ತುಸು ಒತ್ತಿದರೆ ಚೆಂಡು ಬೇಗ ಮರಳುತ್ತದೆ, ಮೆತ್ತಗೆ ತಟ್ಟಿದರೆ ತಡವಾಗಿ.

ತಟ್ಟಿನೊಳಗೆ ಮೂರು ಭಾಗಗಳಿರುವ ಹಾಡುಗಳು ಸ್ಪೀಡ್ ಬ್ಯಾಗಿಗೆ ಹೇಳಿ ಮಾಡಿಸಿದಂತಿರುತ್ತವೆ. ಅಮೆರಿಕದ ಬ್ಲೂಸ್ ಮತ್ತು ಸ್ವಿಂಗ್ ಸಂಗೀತದಲ್ಲಿ ಈ ಗುಣ ಬಹಳ. ನಮ್ಮಲ್ಲಿ ದಾದ್ರಾ ತಾಳದ ಭಜನೆ, ಭಾವಗೀತೆ, ಸಿನಿಮಾ ಹಾಡುಗಳು ಈ ಸಾಲಿಗೆ ಸೇರುತ್ತವೆ. ದಾದ್ರಾದಲ್ಲಿ ಮೂರು ಮೂರರಂತೆ 6 ಮಾತ್ರೆ. ಬಲಗೈಯ ಮೂರು, ಎಡಗೈಯ ಮೂರು ಸೇರಿದರೆ ಒಂದು ಆವರ್ತ ಮುಗಿಯಿತು.

ಆದರೆ ಜನಪ್ರಿಯ ಹಾಡುಗಳಲ್ಲಿ ಹೆಚ್ಚಿನವು ನಾಲ್ಕರ ನಡೆಯವು. ಕೆಹರ್ವಾ ತಾಳಕ್ಕೆ 8 ಮಾತ್ರೆ. ಅಲ್ಲಿ ಬರಿಯ ಮೂರರ ಗುಂಪು ಸಾಲದು. ಮೂರು ಬಡಿತಕ್ಕೆ ಬೀಳುವ ಗುದ್ದನ್ನು ಒಂದು ಬಡಿತಕ್ಕೆ ಬೀಳುವ ಗುದ್ದಿನ ಜೊತೆ ಬೆಸೆಯಬೇಕು. ಮೂರು ಮತ್ತು ಒಂದು ಸೇರಿ ನಾಲ್ಕು; ಅಂಥ ಎರಡು ಕೂಡಿ ಎಂಟು. ಮೂರು, ಒಂದು, ಒಂದು ಸೇರಿದರೆ ಖಂಡ ನಡೆಯ ಐದು. ಮೂರು, ಮೂರು, ಒಂದು ಸೇರಿದರೆ ಮಿಶ್ರ ನಡೆಯ ಏಳು. ಬೆಸ ಸಂಖ್ಯೆಗಳನ್ನು ಹೀಗೆ ಪೋಣಿಸುತ್ತ ಹೋದರೆ ಯಾವ ತಾಳವನ್ನಾದರೂ ಹಲಗೆಯ ಮೇಲೆ ಕಟ್ಟಬಹುದು. ಮೃದಂಗ, ತಬಲಾ ಕಲಿತವರಿಗೆ ಈ ಜೋಡಣೆ ಹೊಸದೇನಲ್ಲ. ಬೆರಳು ಮಾಡುತ್ತಿದ್ದ ಲೆಕ್ಕವನ್ನು ಇಲ್ಲಿ ಹೆಗಲು ಮಾಡಬೇಕು.

ವಾದ್ಯಕ್ಕೂ ಇದಕ್ಕೂ ಇರುವ ಒಂದು ಮುಖ್ಯ ಭೇದವೂ ಇದೆ. ತಬಲಾ ಬಾರಿಸುವವರು ಕೈ ಎತ್ತಿದರೆ ಮೌನ. ಸ್ಪೀಡ್ ಬ್ಯಾಗ್ ಒಮ್ಮೆ ಓಡತೊಡಗಿದರೆ ತಾನೇ ಸದ್ದು ಮಾಡುತ್ತಿರುತ್ತದೆ. ಹಾಡಿನಲ್ಲಿ ತಡೆ ಬಂದಾಗ ಚೆಂಡನ್ನು ಅಂಗೈಯಿಂದ ಹಿಡಿದು ನಿಲ್ಲಿಸುವುದು, ಪಲ್ಲವಿ ಮರಳಿದಾಗ ಗಟ್ಟಿ ಗುದ್ದಿನಿಂದ ಎತ್ತುಗಡೆ ಮಾಡುವುದು, ಚರಣ ನಡೆಯುವಾಗ ಮೆತ್ತಗೆ ತಟ್ಟುತ್ತ ಹಿನ್ನೆಲೆಗೆ ಸರಿಯುವುದು ಈ ಕಲೆಯ ಸೊಗಸು. ಬಲ್ಲವರ ಕೈಯಲ್ಲಿ ಚೆಂಡು ಹಾಡಿಗೆ ಪಕ್ಕವಾದ್ಯವಾಗುತ್ತದೆ.

ರಂಗಮಂಚದಿಂದ ಜಿಮ್ಮಿಗೆ

ಚೆಂಡು ಗುದ್ದುವುದು ಜನರ ಮುಂದಿನ ಪ್ರದರ್ಶನವಾಗಿ ಹೆಸರು ಮಾಡಿದ್ದು 19ನೆಯ ಶತಮಾನದ ಕೊನೆ ಮತ್ತು 20ರ ಆರಂಭದ ಅಮೆರಿಕದಲ್ಲಿ. ಹಾಡು, ನೃತ್ಯ, ಕಸರತ್ತು, ಜಾದು ಎಲ್ಲವನ್ನೂ ಒಂದೇ ಸಂಜೆಗೆ ಬಡಿಸುತ್ತಿದ್ದ ‘ವಾಡ್‌ವಿಲ್’ ಎಂಬ ರಂಗಮಂದಿರಗಳಲ್ಲಿ ಚೆಂಡು ಗುದ್ದುವವರಿಗೂ ಒಂದು ಪಾಳಿ ಇರುತ್ತಿತ್ತು. ಒಂದಕ್ಕಿಂತ ಹೆಚ್ಚು ಚೆಂಡುಗಳನ್ನು ತೂಗುಹಾಕಿ ಮುಷ್ಟಿ, ಮೊಣಕೈಗಳಿಂದ ಒಟ್ಟಿಗೆ ಓಡಿಸುವವರಿದ್ದರು. ಹೆಂಗಸರೂ ಇದರಲ್ಲಿ ಮುಂದಿದ್ದರು. ಬೆಲ್ ಗಾರ್ಡನ್ ಎಂಬಾಕೆ ಚೆಂಡು ಗುದ್ದುವುದರಿಂದಲೇ ರಂಗದ ಮೇಲೆ ಖ್ಯಾತಿ ಪಡೆದರು. ಸಿನಿಮಾ ಬಂದು ಆ ರಂಗಮಂದಿರಗಳು ಕಳೆಗುಂದಿದ ಮೇಲೆ ಚೆಂಡು ಬಾಕ್ಸಿಂಗ್ ಕೋಣೆಗೆ ಸೀಮಿತವಾಯಿತು.

ಬಾಕ್ಸಿಂಗ್ ಕೋಣೆಯಲ್ಲೂ ಸಂಗೀತದ ನಂಟು ಹರಿಯಲಿಲ್ಲ. 1940 ಮತ್ತು 50ರ ದಶಕಗಳ ಮಹಾನ್ ಬಾಕ್ಸರ್ ಶುಗರ್ ರೇ ರಾಬಿನ್ಸನ್ ಒಳ್ಳೆಯ ನರ್ತಕರೂ ಆಗಿದ್ದರು. 1952ರಲ್ಲಿ ಬಾಕ್ಸಿಂಗ್ ಬಿಟ್ಟು ಕೆಲಕಾಲ ರಂಗದ ಮೇಲೆ ಕುಣಿದು ಮತ್ತೆ ಅಖಾಡಕ್ಕೆ ಮರಳಿದರು. 1962ರಲ್ಲಿ ಹೆವಿವೇಯ್ಟ್ ವಿಶ್ವ ಚಾಂಪಿಯನ್ ಆದ ಸನ್ನಿ ಲಿಸ್ಟನ್ ‘ನೈಟ್ ಟ್ರೇನ್’ ಎಂಬ ಹಾಡು ಹಾಕಿಕೊಂಡು ಹಗ್ಗದಾಟ ಆಡುತ್ತಿದ್ದುದು ಪ್ರಸಿದ್ಧ. ಸ್ಪೀಡ್ ಬ್ಯಾಗನ್ನು ಬಾಕ್ಸಿಂಗ್ ಆಡದವರಿಗೂ ಒಂದು ಸ್ವತಂತ್ರ ಕಲೆಯಾಗಿ ಕಲಿಸುವ ಯತ್ನಕ್ಕೆ 1990ರ ದಶಕದಲ್ಲಿ ಗಟ್ಟಿ ತಳಹದಿ ಹಾಕಿದವರು ಅಮೆರಿಕದ ಅಲನ್ ಕಾನ್. ಅವರ ‘ಸ್ಪೀಡ್ ಬ್ಯಾಗ್ ಬೈಬಲ್’ ಪುಸ್ತಕ ಹೊಡೆತಗಳಿಗೆ ಹೆಸರು ಕೊಟ್ಟು, ಬಡಿತದ ಎಣಿಕೆಯನ್ನು ಕ್ರಮಬದ್ಧವಾಗಿ ವಿವರಿಸಿತು.

ಭೀಮಾ ತೀರದ ತಾಲೀಮು

ಸದ್ದಿಗೆ ಮೈ ಪಳಗಿಸುವ ಈ ಬಗೆ ಕರ್ನಾಟಕಕ್ಕೆ, ಅದರಲ್ಲೂ ಭೀಮಾ ತೀರಕ್ಕೆ ಪರಕೀಯವಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳಲ್ಲಿ, ಮಣ್ಣೂರದಂಥ ಗಡಿಯ ಹಳ್ಳಿಗಳ ಸುತ್ತಮುತ್ತ, ಜಾತ್ರೆ ಎಂದರೆ ಕುಸ್ತಿ, ಕುಸ್ತಿ ಎಂದರೆ ಹಲಗಿ. ಪೈಲ್ವಾನರು ಅಖಾಡಕ್ಕೆ ಇಳಿಯುವಾಗ ಹಲಗಿಯ ಪೆಟ್ಟು ಶುರುವಾಗುತ್ತದೆ. ಕೈ ಕೈ ಕೂಡಿ ಒಬ್ಬರನ್ನೊಬ್ಬರು ಅಳೆಯುವಾಗ ನಡೆ ನಿಧಾನ. ಪಟ್ಟು ಬಿಗಿಯುತ್ತ ಹೋದಂತೆ ಬಡಿತ ಏರುತ್ತದೆ. ಚಿತ್ ಆದ ಕ್ಷಣಕ್ಕೆ ಹಲಗಿ, ಶಿಳ್ಳೆ, ಕೂಗು ಒಂದಾಗುತ್ತವೆ. ಸುತ್ತ ಕೂತವರಿಗೆ ಅಖಾಡ ಕಾಣದಿದ್ದರೂ ಕುಸ್ತಿ ಯಾವ ಘಟ್ಟದಲ್ಲಿದೆ ಎಂಬುದು ಹಲಗಿಯಿಂದಲೇ ತಿಳಿಯುತ್ತದೆ. ಮೊಹರಂ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ ಹಾಕುವ ಹೆಜ್ಜೆಗೂ ಹಲಗಿಯೇ ಆಧಾರ. ಹಿಂದೂ, ಮುಸ್ಲಿಂ ಎನ್ನದೆ ಊರವರೆಲ್ಲ ಆ ಪೆಟ್ಟಿಗೆ ಕಾಲು ಕೂಡಿಸುತ್ತಾರೆ.

ದಕ್ಷಿಣದವರು ಗರಡಿ ಮನೆ ಎನ್ನುವುದನ್ನು ಇಲ್ಲಿ ತಾಲೀಮು ಎನ್ನುವುದು ವಾಡಿಕೆ. ಕಲಿಕೆ ಎಂಬರ್ಥದ ಅರಬ್ಬಿ ಮಾತು ಅದು. ಪೈಲ್ವಾನ್ ಎಂಬುದು ಪಾರಸಿಯ ‘ಪಹಲ್ವಾನ್’. 1347ರಲ್ಲಿ ಬಹಮನಿ ರಾಜ್ಯ ಕಲಬುರಗಿಯಲ್ಲಿ ತಲೆಯೆತ್ತಿದಂದಿನಿಂದ ಪಾರಸಿ ಭಾಷೆಯ ನಂಟು ಪಡೆದ ನೆಲ ಇದು. ಇರಾನಿನ ಗರಡಿ ಮನೆಗೆ ‘ಜೂರ್‌ಖಾನೆ’ ಎಂದು ಹೆಸರು. ಅಲ್ಲಿ ಎತ್ತರದ ಪೀಠದಲ್ಲಿ ಕೂತ ‘ಮುರ್ಷಿದ್’ ದೊಡ್ಡ ಡೋಲು ಬಾರಿಸುತ್ತ ಕಾವ್ಯ ಹಾಡುತ್ತಾನೆ. ತಗ್ಗಿನ ಅಖಾಡದಲ್ಲಿ ನಿಂತವರು ಆ ತಾಳಕ್ಕೆ ದಂಡ ಹೊಡೆಯುತ್ತಾರೆ, ಮುದ್ಗರ ತಿರುಗಿಸುತ್ತಾರೆ, ಗಿರಗಿರನೆ ಸುತ್ತುತ್ತಾರೆ. ಯುನೆಸ್ಕೊ 2010ರಲ್ಲಿ ಈ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಸ್ಪೀಡ್ ಬ್ಯಾಗಿಗೆ ತೀರ ಹತ್ತಿರದ ದೇಶಿ ಸಾಧನವೆಂದರೆ ಲೇಜಿಮು. ಮರದ ಹಿಡಿಕೆಯ ಎರಡು ತುದಿಗೆ ಬಿಲ್ಲಿನ ಹೆದೆಯಂತೆ ಕಬ್ಬಿಣದ ಸರಪಳಿ, ಆ ಸರಪಳಿಗೆ ತೆಳು ಬಿಲ್ಲೆಗಳು. ಬಿಲ್ಲು ಎಳೆಯುವ ತೋಳಿಗೆ ಕಸುವು ತುಂಬಲು ಬಳಸುತ್ತಿದ್ದ ಸರಪಳಿಯ ಬಿಲ್ಲಿನಿಂದ ಇದು ಬಂದಿತು, ಹೆಸರೂ ಪಾರಸಿಯದು. ಜೂರ್‌ಖಾನೆಯಲ್ಲಿ ಇಂದಿಗೂ ತಲೆಯ ಮೇಲೆ ಎತ್ತಿ ಅಲುಗಿಸುವ ಕಬ್ಬಿಣದ ಬಿಲ್ಲು ಇದರ ದಾಯಾದಿ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಹಗುರಾದ ಲೇಜಿಮು ಹಳ್ಳಿಯ ಮೇಳಕ್ಕೂ ಶಾಲೆಯ ಮೈದಾನಕ್ಕೂ ಬಂದಿತು. ಆಗಸ್ಟ್ 15, ಜನವರಿ 26ರಂದು ಸಾಲಾಗಿ ನಿಂತ ಮಕ್ಕಳು ಹಲಗಿಯ ಪೆಟ್ಟಿಗೆ ಲೇಜಿಮು ಆಡುವುದು ಈ ಕಡೆಯವರಿಗೆ ಪರಿಚಿತ ನೋಟ.

ಲೇಜಿಮಿನಲ್ಲಿ ಬಾಗುವುದು, ಕೂರುವುದು, ಕಾಲು ಚಾಚುವುದು, ತಿರುಗುವುದು ಎಲ್ಲ ಇವೆ. ಪೂರಾ ಮೈಗೆ ವ್ಯಾಯಾಮ. ಆದರೆ ಪ್ರತಿ ಚಲನೆಯೂ ಒಂದು ‘ಝಳ್’ ಸದ್ದಿನಲ್ಲಿ ಮುಗಿಯಬೇಕು. ನಾಲ್ಕು ಚಲನೆ, ನಾಲ್ಕು ಸದ್ದು. ಒಬ್ಬ ಹುಡುಗ ಅರೆಗಳಿಗೆ ತಡಮಾಡಿದರೂ ಸಾಲಿನ ಸದ್ದು ಸೀಳುತ್ತದೆ. ಮೇಷ್ಟ್ರು ನೋಡಬೇಕಿಲ್ಲ, ಕೇಳಿದರೆ ಸಾಕು. ಸ್ಪೀಡ್ ಬ್ಯಾಗಿನಲ್ಲಿ ನಡೆಯುವುದೂ ಇದೇ. ಕಸರತ್ತು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಸಾಧನವೇ ಸದ್ದು ಮಾಡಿ ಹೇಳುತ್ತದೆ. ತೂಕ ಎತ್ತುವ ಸಾಧನಗಳಿಗೆ ಈ ಗುಣವಿಲ್ಲ.

ಇಲ್ಲಿಯ ತಾಲೀಮು ಪಶ್ಚಿಮಕ್ಕೆ ಹೋದ ಕಥೆಯೂ ಇದೆ. ಗರಡಿಗಳಲ್ಲಿ ತಿರುಗಿಸುತ್ತಿದ್ದ ಮುದ್ಗರವನ್ನು ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಕಂಡು ಮೆಚ್ಚಿ ಒಯ್ದರು. ಅದಕ್ಕೆ ‘ಇಂಡಿಯನ್ ಕ್ಲಬ್’ ಎಂಬ ಹೆಸರು ಬಿತ್ತು. 1834ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಡೊನಾಲ್ಡ್ ವಾಕರ್ ಅವರ ವ್ಯಾಯಾಮ ಪುಸ್ತಕದಲ್ಲಿ ಅದರ ವಿವರವಿದೆ. ನ್ಯೂಯಾರ್ಕಿನ ಸೈಮನ್ ಕೆಹೋ 1866ರಲ್ಲಿ ಅದರ ಮೇಲೆಯೇ ಒಂದು ಪುಸ್ತಕ ಬರೆದರು. ಶಾಲೆಗಳಲ್ಲಿ, ವ್ಯಾಯಾಮಶಾಲೆಗಳಲ್ಲಿ ಪಿಯಾನೊ ನುಡಿಸಿ ಅದರ ತಾಳಕ್ಕೆ ಹಗುರ ಮುದ್ಗರಗಳನ್ನು ತಿರುಗಿಸುವುದು ಆ ಕಾಲದ ರೂಢಿಯಾಯಿತು. 1904ರ ಸೇಂಟ್ ಲೂಯಿಸ್ ಮತ್ತು 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗಳಲ್ಲಿ ಅದೊಂದು ಸ್ಪರ್ಧೆಯೇ ಆಗಿತ್ತು. ಚೆಂಡು ಗುದ್ದುವವರು ರಂಗಕ್ಕೆ ಬಂದ ಹೊತ್ತಿಗೆ, ಕಸರತ್ತನ್ನು ಸಂಗೀತದೊಂದಿಗೆ ನೋಡುವ ಅಭಿರುಚಿ ಅಲ್ಲಿಯ ಜನರಲ್ಲಿ ಬೇರೂರಿತ್ತು. ಅದನ್ನು ಬೆಳೆಸಿದ ಸಾಧನಗಳಲ್ಲಿ ಭಾರತದ ಗರಡಿಯ ಮುದ್ಗರವೂ ಒಂದು.

ಕಿವಿಯ ಕೆಲಸ

ಲಯ ಏಕೆ ಇಷ್ಟು ಸಹಾಯ ಮಾಡುತ್ತದೆ ಎಂಬುದನ್ನು ಸೆಕೆಂಡಿನ ಲೆಕ್ಕದಲ್ಲಿ ನೋಡಬಹುದು. ಕಂಡದ್ದಕ್ಕೆ ಕೈ ಸ್ಪಂದಿಸಲು ಸಾಮಾನ್ಯವಾಗಿ ಸುಮಾರು 0.2 ಸೆಕೆಂಡು ಬೇಕು. ಕೇಳಿದ್ದಕ್ಕೆ ಸ್ಪಂದಿಸಲು ಅದಕ್ಕಿಂತ ಕಡಿಮೆ, ಸುಮಾರು 0.15 ಸೆಕೆಂಡು ಸಾಕು. ಸೆಕೆಂಡಿಗೆ 6 ಬಾರಿ ಬಡಿಯುವ ಚೆಂಡಿನ ಎರಡು ಬಡಿತಗಳ ನಡುವಿನ ಅಂತರ ಸುಮಾರು 0.17 ಸೆಕೆಂಡು. ಎಂದರೆ ಚೆಂಡು ಎಲ್ಲಿದೆ ಎಂದು ಕಣ್ಣು ಕಂಡು ಕೈಗೆ ಹೇಳುವಷ್ಟರಲ್ಲಿ ಚೆಂಡು ಮಗ್ಗುಲು ಬದಲಿಸಿರುತ್ತದೆ. ಬರುವ ಚೆಂಡನ್ನು ನೋಡಿ ಗುದ್ದುವುದು ಆ ವೇಗದಲ್ಲಿ ಆಗದ ಮಾತು. ಅದು ಎಲ್ಲಿಗೆ, ಯಾವಾಗ ಬರಲಿದೆ ಎಂದು ಮೊದಲೇ ತಿಳಿದು ಕೈ ಅಲ್ಲಿರಬೇಕು. ಹಾಗೆ ಮುಂದಾಗಿ ತಿಳಿಯುವ ಉಪಾಯವೇ ಲಯ. ಸದ್ದುಗಳು ಸಮ ಅಂತರದಲ್ಲಿ ಬಿದ್ದಾಗ ಮುಂದಿನದು ಎಲ್ಲಿ ಬೀಳುತ್ತದೆ ಎಂಬುದನ್ನು ಮಿದುಳು ತಾನಾಗಿ ಊಹಿಸಿಕೊಳ್ಳುತ್ತದೆ.

ಹಾಡು ಕೇಳಿದರೆ ಕಾಲು ತಾನೇ ತಾಳ ಹಾಕುವುದು ಇದೇ ಶಕ್ತಿಯಿಂದ. ಕಿವಿಯಿಂದ ಬಂದ ಲಯ ಮಿದುಳಿನಲ್ಲಿ ಚಲನೆಯನ್ನು ನಡೆಸುವ ಭಾಗಗಳನ್ನೂ ಎಚ್ಚರಿಸುತ್ತದೆ. ಮೈ ಅಲುಗದೆ ಕೂತು ಕೇಳುವಾಗಲೂ ಇದು ನಡೆಯುತ್ತದೆ. ರಾಗಿ ಬೀಸುವ ಹಾಡು, ಕುಟ್ಟುವ ಹಾಡು, ರಾಶಿಯ ಹಾಡು ನಮ್ಮ ಹಳ್ಳಿಗಳಲ್ಲಿ ಹುಟ್ಟಿದ್ದರ ಹಿಂದೆಯೂ ಈ ಅನುಭವವಿದೆ. ಒಂದೇ ಚಲನೆಯನ್ನು ಸಾವಿರ ಬಾರಿ ಮಾಡಬೇಕಾದ ಕೈಗೆ ಹಾಡು ಅಳತೆಯನ್ನೂ ಕೊಡುತ್ತದೆ, ಆಯಾಸವನ್ನೂ ಮರೆಸುತ್ತದೆ. ವ್ಯಾಯಾಮದಲ್ಲಿ ಸಂಗೀತದ ಪಾತ್ರ ಕುರಿತು ಲಂಡನ್ನಿನ ಬ್ರುನೆಲ್ ವಿಶ್ವವಿದ್ಯಾಲಯದ ಕೋಸ್ತಾಸ್ ಕಾರಾಯೋರ್ಗಿಸ್ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. ಚಲನೆ ಹಾಡಿನ ತಟ್ಟಿಗೆ ಕೂಡಿಬಂದಾಗ ದಣಿವಿನ ಅನಿಸಿಕೆ ತಗ್ಗಿ, ಹೆಚ್ಚು ಹೊತ್ತು ಮುಂದುವರಿಯಲು ಸಾಧ್ಯವಾಗುತ್ತದೆ ಎಂಬುದು ಇಂಥ ಅಧ್ಯಯನಗಳಿಂದ ಕಂಡುಬಂದಿದೆ.

ಚಲನೆಯ ತೊಂದರೆ ಇರುವವರಿಗೂ ಬಾಕ್ಸಿಂಗ್ ಕಸರತ್ತುಗಳನ್ನು ಬಳಸಲಾಗುತ್ತಿದೆ. 2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಆರಂಭವಾದ ‘ರಾಕ್ ಸ್ಟೆಡಿ ಬಾಕ್ಸಿಂಗ್’ ಪಾರ್ಕಿನ್ಸನ್ ಕಾಯಿಲೆಯವರಿಗಾಗಿ, ಯಾರೂ ಯಾರನ್ನೂ ಹೊಡೆಯದ ಬಾಕ್ಸಿಂಗ್ ಅಭ್ಯಾಸವನ್ನು ರೂಪಿಸಿತು. ಸ್ಪೀಡ್ ಬ್ಯಾಗೂ ಅದರ ಸಾಧನಗಳಲ್ಲಿ ಒಂದು. ಇದು ಚಿಕಿತ್ಸೆಗೆ ಬದಲಿಯಲ್ಲ; ವೈದ್ಯರ ಸಲಹೆಯೊಂದಿಗೆ ಮಾಡುವ ಪೂರಕ ವ್ಯಾಯಾಮ.

ಕಲಿಯುವ ಕ್ರಮ

ಸ್ಪೀಡ್ ಬ್ಯಾಗಿನಿಂದ ಗುದ್ದಿನ ಬಲ ಹೆಚ್ಚುವುದಿಲ್ಲ. ಅದಕ್ಕೆ ತೂಕದ ದೊಡ್ಡ ಚೀಲವೇ ಬೇರೆ ಇದೆ. ಇದರಿಂದ ಬರುವುದು ಕೈ ಎತ್ತಿ ಹಿಡಿಯುವ ತಾಳಿಕೆ, ಎರಡೂ ಕೈಗಳ ಹೊಂದಾಣಿಕೆ, ಅಳತೆ ತಪ್ಪದ ಸಮಯಪ್ರಜ್ಞೆ. ಬಾಕ್ಸಿಂಗ್ ರಿಂಗಿಗೆ ಇಳಿಯುವ ಆಸೆಯಿಲ್ಲದವರೂ, ಹೆಂಗಸರೂ, ವಯಸ್ಸಾದವರೂ ಇದನ್ನು ಕಲಿಯಬಹುದು.

ಕಲಬುರಗಿ ಭಾಗದಲ್ಲಿ ಜನರ ಒಲವು ಕುಸ್ತಿಯ ಕಡೆಗೆ, ಕಲ್ಲು ಎತ್ತುವ, ಚೀಲ ಎತ್ತುವ ಪಂದ್ಯಗಳ ಕಡೆಗೆ ಹೆಚ್ಚು. ಬಾಕ್ಸಿಂಗ್ ಇನ್ನೂ ಹೊಸದು. ಆದರೆ ಪಕ್ಕದ ತೆಲಂಗಾಣದ ನಿಜಾಮಾಬಾದಿನಿಂದ ಬಂದ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಕಲ್ಯಾಣ ಕರ್ನಾಟಕದ ಒಳಗೇ, ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿ, ಜೂಡೊ ಜೊತೆಗೆ ಬಾಕ್ಸಿಂಗ್ ತರಬೇತಿಯೂ ಇದೆ. ನಗರಗಳ ಜಿಮ್‌ಗಳಲ್ಲಿ ಸ್ಪೀಡ್ ಬ್ಯಾಗ್ ಕಾಣಸಿಗುತ್ತದೆ.

ಕಲಿಯುವವರು ಮೊದಲು ಬೆರಳಿನ ಗಂಟು, ಮಣಿಕಟ್ಟುಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳಬೇಕು ಅಥವಾ ತೆಳು ಕೈಗವಸು ಹಾಕಿಕೊಳ್ಳಬೇಕು. ಬರಿಗೈಯಲ್ಲಿ ಚರ್ಮ ಸುಲಿಯುತ್ತದೆ. ಮೊದಲ ದಿನಗಳಲ್ಲಿ ಹೆಗಲು ನೋಯುವುದು ಸಹಜ. ಹಾಗಾಗಿ ಎರಡು ಮೂರು ನಿಮಿಷ ಗುದ್ದಿ ಒಂದು ನಿಮಿಷ ಬಿಡುವು ಕೊಡುವುದು ಒಳ್ಳೆಯದು. ಮುಖವನ್ನು ಚೆಂಡಿಗೆ ತೀರ ಹತ್ತಿರ ತರಬಾರದು. ಹಲಗೆಯ ಮೊಳೆ, ತಿರುಗಣಿಗಳನ್ನು ಆಗಾಗ ಪರೀಕ್ಷಿಸಬೇಕು. ಮಕ್ಕಳು ಗುದ್ದುವಾಗ ದೊಡ್ಡವರು ಹತ್ತಿರ ಇರಬೇಕು. ಹೆಗಲು, ಮಣಿಕಟ್ಟಿನ ಹಳೆಯ ನೋವಿದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಪಾಠದ ಮೊದಲ ಮೆಟ್ಟಿಲಲ್ಲಿ ಸಂಗೀತ ಬೇಡ. ಒಂದು ಗುದ್ದು ಹಾಕಿ ಕೈ ಇಳಿಸಿ, ಮೂರು ಸದ್ದನ್ನು ಬಾಯಿಬಿಟ್ಟು ಎಣಿಸಿ, ಚೆಂಡನ್ನು ಹಿಡಿದು ನಿಲ್ಲಿಸಬೇಕು. ಈ ಮೂರು ಕಿವಿಗೆ ಸ್ಪಷ್ಟವಾದ ಮೇಲೆ ಒಂದೇ ಕೈಯಿಂದ ಗುದ್ದು, ಮೂರು, ಗುದ್ದು, ಮೂರು ಎಂದು ಮುಂದುವರಿಸಬೇಕು. ಬಳಿಕ ಇನ್ನೊಂದು ಕೈ, ಆಮೇಲೆ ಎರಡೂ ಕೈ ಸರದಿಯಾಗಿ. ಐದಾರು ನಿಮಿಷ ತಪ್ಪದೆ ನಡೆಸುವುದು ಸಾಧ್ಯವಾದಾಗ ಹಾಡು ಹಾಕಬಹುದು. ಆರಂಭಕ್ಕೆ ತಾಳ ಎದ್ದು ಕೇಳುವ, ನಡುವೆ ವೇಗ ಬದಲಾಗದ, ಮಧ್ಯಮ ಗತಿಯ ದಾದ್ರಾ ನಡೆಯ ಹಾಡು ಸೂಕ್ತ. ಮೊದಲ ಸಲ ಹಾಡನ್ನು ಬರಿದೆ ಕೇಳಿ ಕೈಯಿಂದ ತೊಡೆಯ ಮೇಲೆ ತಾಳ ಹಾಕಬೇಕು, ಎರಡನೆಯ ಸಲ ಚೆಂಡಿನ ಮುಂದೆ ನಿಲ್ಲಬೇಕು. ನಾಲ್ಕರ ನಡೆ, ಐದರ ನಡೆ ಆಮೇಲಿನ ಪಾಠ.

ಕಲಿಕೆ ಎಲ್ಲಿಗೆ ಬಂದಿದೆ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ನಡೆ ಕುದುರಿದ ಮೇಲೆ, ಮೆತ್ತಗೆ ಗುದ್ದುತ್ತಲೇ ಕಣ್ಣು ಮುಚ್ಚಿಕೊಳ್ಳುವುದು. ಹೊಸಬರ ಕೈ ಎರಡನೆಯ ಗುದ್ದಿಗೇ ಗಾಳಿಯನ್ನು ಹೊಡೆಯುತ್ತದೆ. ಪಳಗಿದವರ ಕೈ ತಪ್ಪುವುದಿಲ್ಲ. ಮೂರನೆಯ ಸದ್ದು ಕೇಳಿದೊಡನೆ ಮುಷ್ಟಿ ಚೆಂಡಿನ ಜಾಗದಲ್ಲಿರುತ್ತದೆ.